ಶಾಸನದ ಕೊನೆಯ ಪಂಕ್ತಿ: ಸಂಶೋಧನೆಯಲ್ಲಿ ಸಮಪಾಲಿನ ಸಹಕಾರವನ್ನು ಕುರಿತು

ಕನ್ನಡ ನಾಡಿನ ಶಾಸನಗಳನ್ನು ಅಭ್ಯಾಸಮಾಡುವ ವಿದ್ಯಾರ್ಥಿಗಳು ಸಾಮಾನ್ಯವಾಗಿ ಮೊದಲ ಪಂಕ್ತಿಗಳಿಗೇ ಹೆಚ್ಚಿನ ಗಮನ ಕೊಡುವುದುಂಟು. ಅರಸನ ಹೆಸರು, ಬಿರುದಾವಳಿ, ಕಾಲನಿರ್ದೇಶ ಇವೆಲ್ಲ ಅಲ್ಲಿರುತ್ತವೆ. ಪರೀಕ್ಷೆಗೆ ಬೇಕಾದುದೂ ಅಷ್ಟೇ. ಆದರೆ ಎಷ್ಟೋ ಶಾಸನಗಳಲ್ಲಿ ಕೊನೆಯ ಪಂಕ್ತಿಯೂ ಗಮನಾರ್ಹವಾದುದು. ಶಾಸನವನ್ನು ರಚಿಸಿದವರು ಯಾರು, ಬರೆದವರು ಯಾರು, ಕಲ್ಲಿನ ಮೇಲೆ ಕಂಡರಿಸಿದವರು ಯಾರು ಎಂಬ ವಿವರ ಅಲ್ಲಿ ದೊರೆಯುತ್ತದೆ. ಹಲವರು ಕೂಡಿ ಮಾಡಿದ ಕೆಲಸದಲ್ಲಿ ಒಬ್ಬೊಬ್ಬರ ಪಾಲನ್ನೂ ಬೇರೆಬೇರೆಯಾಗಿ ನಮೂದಿಸುವ ಪದ್ಧತಿ ನಮ್ಮಲ್ಲಿ ಹಿಂದಿನಿಂದಲೂ ಇದ್ದಿತೆಂಬುದಕ್ಕೆ ಆ ಪಂಕ್ತಿಯೇ ಸಾಕ್ಷಿ.

ಇಂದು ಇತಿಹಾಸ ಸಂಶೋಧನೆಯು ಒಬ್ಬರಿಂದಾಗುವ ಕೆಲಸವಾಗಿ ಉಳಿದಿಲ್ಲ. ಅಧ್ಯಾಪಕರು, ವಿದ್ಯಾರ್ಥಿಗಳು, ಊರಿನ ಜನರು, ಯಂತ್ರಜ್ಞರು, ದೇವಾಲಯದ ಅರ್ಚಕರು ಎಲ್ಲರೂ ಅದರಲ್ಲಿ ಕೈಸೇರಿಸುತ್ತಾರೆ. ಹೀಗಿರುವಾಗ ಎಲ್ಲರನ್ನೂ ಒಳಗೊಳ್ಳುವ, ಎಲ್ಲರಿಗೂ ನ್ಯಾಯವಾದ ಪಾಲನ್ನು ಕೊಡುವ ಸಹಕಾರಕ್ಕೆ ಯಾವ ಮನೋಧರ್ಮ ಬೇಕು, ಯಾವ ಕೌಶಲಗಳು ಬೇಕು ಎಂಬುದನ್ನು ವಿವೇಚಿಸುವುದು ಪ್ರಕೃತ ಲೇಖನದ ಉದ್ದೇಶ. ಶಾಸನ ಸಂಶೋಧನೆಯ ಚರಿತ್ರೆಯಿಂದಲೇ ಇದಕ್ಕೆ ಬೇಕಾದ ನಿದರ್ಶನಗಳನ್ನು ಆರಿಸಿಕೊಳ್ಳಲಾಗಿದೆ.

1. ಕಲ್ಲು ಮರೆಯದ ಹೆಸರುಗಳು

ಶಿವಮೊಗ್ಗ ಜಿಲ್ಲೆಯ ತಾಳಗುಂದದ ಸ್ತಂಭಶಾಸನವು ಕದಂಬರ ಚರಿತ್ರೆಗೆ ಮುಖ್ಯವಾದ ಆಧಾರ. ಕದಂಬ ಶಾಂತಿವರ್ಮನ ಕಾಲದ, ಎಂದರೆ ಐದನೆಯ ಶತಮಾನದ ಈ ಸಂಸ್ಕೃತ ಕಾವ್ಯವನ್ನು ರಚಿಸಿದವನು ಕುಬ್ಜನೆಂಬ ಕವಿ. ತಾನೇ ಅದನ್ನು ಕಲ್ಲಿನ ಮೇಲೆ ಬರೆದುದಾಗಿಯೂ ಆತನು ತಿಳಿಸುತ್ತಾನೆ. ಎಂಟನೆಯ ಶತಮಾನದಲ್ಲಿ ಪಟ್ಟದಕಲ್ಲಿನಲ್ಲಿ ಲೋಕಮಹಾದೇವಿಯು ಕಟ್ಟಿಸಿದ ದೇವಾಲಯದ ಶಾಸನದಲ್ಲಿ ಅದನ್ನು ನಿರ್ಮಿಸಿದ ಸೂತ್ರಧಾರಿ ಗುಂಡನ ಹೆಸರೂ ಅವನಿಗೆ ಸಂದ ಮರ್ಯಾದೆಯೂ ಉಕ್ತವಾಗಿವೆ. ಬೇಲೂರಿನ ಶಿಲ್ಪಗಳ ಪೀಠದಲ್ಲಿ ಬಳ್ಳಿಗಾವೆಯ ದಾಸೋಜ, ಚಾವಣರ ಹೆಸರುಗಳನ್ನು ಕಾಣುತ್ತೇವೆ. ಸೋಮನಾಥಪುರದಲ್ಲಿ ಮಲ್ಲಿತಮ್ಮನ ಹೆಸರು ಪದೇ ಪದೇ ಬರುತ್ತದೆ.

ವೀರಗಲ್ಲುಗಳ ವಿಷಯವೂ ಇಂತಹದೇ. ಸುಮಾರು 890ರ ಬೇಗೂರಿನ ಶಾಸನದಲ್ಲಿ ಬೆಂಗಳೂರಿನ ಹೆಸರು ದೊರೆಯುತ್ತದೆಂದು ನಾವೆಲ್ಲ ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಆದರೆ ಆ ಕಲ್ಲನ್ನು ನಿಲ್ಲಿಸಿದ ಉದ್ದೇಶ ನಗರದ ಹೆಸರನ್ನು ಉಳಿಸುವುದಾಗಿರಲಿಲ್ಲ. ಬೆಂಗಳೂರಿನ ಕಾಳಗದಲ್ಲಿ ಮಡಿದ, ನಾಗತ್ತರನ ಮನೆಗೆ ಸೇರಿದವನೊಬ್ಬನನ್ನು ನೆನೆಯುವುದಾಗಿತ್ತು. ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವ ಆತಕೂರಿನ ಶಾಸನವು 10ನೆಯ ಶತಮಾನದ ಮಧ್ಯಭಾಗದ್ದು. ಅದರಲ್ಲಿ ಗಂಗರ ಬೂತುಗ, ರಾಷ್ಟ್ರಕೂಟರ ಕೃಷ್ಣ ಇವರ ಜೊತೆಗೆ, ಹಂದಿಯೊಡನೆ ಹೋರಾಡಿ ಸತ್ತ ಕಾಳಿಯೆಂಬ ಬೇಟೆನಾಯಿಯ ಹೆಸರೂ ಇದೆ.

ಇಷ್ಟರಿಂದಲೇ ಆ ಕಾಲದ ಸಮಾಜದಲ್ಲಿ ಸಮಾನತೆ ನೆಲಸಿತ್ತೆಂದು ಹೇಳುವುದು ದುಡುಕಾದೀತು. ಕಲ್ಲನ್ನು ಗಣಿಯಿಂದ ಎಬ್ಬಿಸಿದವರ, ಬಂಡಿಯಲ್ಲಿ ಸಾಗಿಸಿದವರ, ಮಣ್ಣು ಹೊತ್ತ ಹೆಂಗಸರ ಹೆಸರುಗಳು ಎಲ್ಲಿಯೂ ಇಲ್ಲ. ಆದರೂ ರಚನೆ, ಲೇಖನ, ಕೆತ್ತನೆ ಇವು ಬೇರೆಬೇರೆ ವಿದ್ಯೆಗಳೆಂಬ ತಿಳಿವಳಿಕೆಯೂ, ಮೂರಕ್ಕೂ ಹೆಸರಿನ ಅರ್ಹತೆಯುಂಟೆಂಬ ನಂಬಿಕೆಯೂ ಅಂದು ಇದ್ದವೆಂಬುದು ಸ್ಪಷ್ಟ. ಶಾಸನಗಳನ್ನು ಓದಿ ಪ್ರಕಟಿಸಲು ಹೊರಟ ಆಧುನಿಕರು ಈ ಪಾಠವನ್ನು ಎಷ್ಟರಮಟ್ಟಿಗೆ ಕಲಿತರೆಂಬುದನ್ನು ಇನ್ನು ನೋಡಬಹುದು.

2. ಮೆಕೆಂಜಿಯ ಸಂಗಡಿಗರು

1799ರಲ್ಲಿ ಶ್ರೀರಂಗಪಟ್ಟಣವು ಬಿದ್ದ ಮೇಲೆ ಮೈಸೂರು ದೇಶದ ಮೋಜಣಿಯ ಕೆಲಸವು ಕಾಲಿನ್ ಮೆಕೆಂಜಿಗೆ ಒಪ್ಪಿತವಾಯಿತು. ಭೂಮಿಯ ಅಳತೆಯೊಡನೆ ಆತನು ಶಾಸನಗಳನ್ನೂ ಕೈಫಿಯತ್ತುಗಳನ್ನೂ ಓಲೆಯ ಗ್ರಂಥಗಳನ್ನೂ ಸಂಗ್ರಹಿಸಿದನು. ಮೆಕೆಂಜಿಗೆ ಈ ದೇಶದ ಭಾಷೆಗಳಲ್ಲಿ ಪರಿಶ್ರಮವಿರಲಿಲ್ಲ. ಊರೂರಿಗೆ ಹೋಗಿ ಹಿರಿಯರನ್ನು ಮಾತನಾಡಿಸಿದವರೂ, ಶಾಸನಗಳ ನಕಲು ತೆಗೆದವರೂ ಕಾವಲಿ ವೆಂಕಟ ಬೋರಯ್ಯ, ಅವನ ತಮ್ಮ ಲಕ್ಷ್ಮಯ್ಯ ಮೊದಲಾದವರು. ಹಳಗನ್ನಡ ಶಾಸನಗಳನ್ನು ಓದುವುದರಲ್ಲಿ ಅವರಿಗೆ ನೆರವಾದವನು ಮಲೆಯೂರಿನ ಜೈನ ಪಂಡಿತ ಧರ್ಮಯ್ಯ. ಬೋರಯ್ಯನು 1803ರಲ್ಲಿ ಚಿಕ್ಕ ವಯಸ್ಸಿನಲ್ಲಿಯೇ ತೀರಿಕೊಂಡನು. ಈ ದೇಶದ ವಿದ್ಯೆಯ ಬಾಗಿಲನ್ನು ತನಗೆ ತೆರೆದವನು ಅವನೇ ಎಂಬುದನ್ನು ಮೆಕೆಂಜಿಯು ಮುಂದೆ ಮುಕ್ತಮನಸ್ಸಿನಿಂದ ಒಪ್ಪಿಕೊಂಡಿದ್ದಾನೆ.

1816ರಲ್ಲಿ ತಾಮಸ್ ಹಿಕ್ಕಿಯೆಂಬ ಚಿತ್ರಕಾರನು ಬರೆದ ಮೆಕೆಂಜಿಯ ಭಾವಚಿತ್ರದಲ್ಲಿ ಅವನೊಡನೆ ಮೂವರು ಭಾರತೀಯರು ನಿಂತಿದ್ದಾರೆ. ಸಹಾಯಕರಿಗೂ ಚಿತ್ರದಲ್ಲಿ ಎಡೆಕೊಟ್ಟುದು ಆ ಕಾಲಕ್ಕೆ ದೊಡ್ಡ ಮಾತೇ ಸರಿ. ಆದರೆ ಚಿತ್ರವು ಪ್ರಸಿದ್ಧವಾಗಿರುವುದು ಮೆಕೆಂಜಿಯ ಹೆಸರಿನಿಂದ ಮಾತ್ರ. ಉಳಿದ ಮೂವರು ಯಾರೆಂಬುದನ್ನು ವಿದ್ವಾಂಸರು ಊಹೆಯಿಂದಲೂ ಇತರ ಆಧಾರಗಳಿಂದಲೂ ಗುರುತಿಸಬೇಕಾಯಿತು.

ಮೆಕೆಂಜಿಯು 1821ರಲ್ಲಿ ಮೃತನಾದನು. ಅರ್ಧಕ್ಕೆ ನಿಂತ ಕಾರ್ಯವನ್ನು ತಾನು ಮುಂದುವರಿಸುವುದಾಗಿ ಲಕ್ಷ್ಮಯ್ಯನು ಬಿನ್ನವಿಸಿಕೊಂಡನು. 1830ರ ದಶಕದಲ್ಲಿ ಈ ಬಿನ್ನಹವು ಬಂಗಾಳದ ಏಷ್ಯಾಟಿಕ್ ಸೊಸೈಟಿಯ ಮುಂದೆ ಬಂದಾಗ, ಅದರ ಕಾರ್ಯದರ್ಶಿಯಾಗಿದ್ದ ಜೇಮ್ಸ್ ಪ್ರಿನ್ಸೆಪ್ ಅದಕ್ಕೆ ಒಪ್ಪಲಿಲ್ಲ. ಸಂಗ್ರಹಿಸುವುದು ಲಕ್ಷ್ಮಯ್ಯನಿಂದಾಗಬಹುದು, ವಿಮರ್ಶಿಸಿ ನಿರ್ಣಯಿಸುವ ಯೋಗ್ಯತೆ ಅವನಿಗಿಲ್ಲ ಎಂಬುದು ಅಭಿಪ್ರಾಯದ ಸಾರ. ಬ್ರಾಹ್ಮೀ ಲಿಪಿಯನ್ನು ಓದಿ ಜಗತ್ತಿಗೆ ಉಪಕಾರಮಾಡಿದ ಮಹಾವಿದ್ವಾಂಸನಿಂದಲೇ ಈ ಮಾತು ಬಂದುದನ್ನು ನಾವು ಮರೆಯಬಾರದು. ವಿದ್ವತ್ತು ಎಷ್ಟೇ ದೊಡ್ಡದಾಗಿದ್ದರೂ ಅದರಿಂದಲೇ ಸಮದೃಷ್ಟಿ ಬರುವುದಿಲ್ಲ. ಅದನ್ನು ಬೇರೆಯಾಗಿಯೇ ಅಭ್ಯಾಸಮಾಡಬೇಕು. ಎರಡು ದಶಕಗಳ ಕಾಲ ಊರೂರು ಸುತ್ತಿ ಪಡೆದಿದ್ದ ಲಕ್ಷ್ಮಯ್ಯನ ಅನುಭವವನ್ನು ಬಳಸಿಕೊಳ್ಳದೆ ಹೋದುದರಿಂದ ನಷ್ಟವಾದುದು ಅವನೊಬ್ಬನಿಗೆ ಮಾತ್ರವಲ್ಲ, ದಕ್ಷಿಣ ದೇಶದ ಇತಿಹಾಸಕ್ಕೂ ಹೌದು.

3. ಹನ್ನೆರಡು ಸಂಪುಟಗಳ ಹಿಂದಿನ ಕೈಗಳು

ಬೆಂಗಳೂರಿನಲ್ಲಿಯೇ ಹುಟ್ಟಿದ ಬೆಂಜಮಿನ್ ಲೂಯಿ ರೈಸ್ ಅವರ ಉಪಕಾರವನ್ನು ಕನ್ನಡಿಗರು ಮರೆಯುವಂತಿಲ್ಲ. 1886ರಿಂದ ಸುಮಾರು ಎರಡು ದಶಕಗಳಲ್ಲಿ ಪ್ರಕಟವಾದ ‘ಎಪಿಗ್ರಾಫಿಯ ಕರ್ನಾಟಿಕ’ದ 12 ಸಂಪುಟಗಳಲ್ಲಿ ಸುಮಾರು 9000 ಶಾಸನಗಳಿವೆ. ಬೆಂಗಳೂರು ಜಿಲ್ಲೆಯದು ಒಂಬತ್ತನೆಯ ಸಂಪುಟ. ಶಾಸನಪಾಠವನ್ನು ಕನ್ನಡ ಲಿಪಿಯಲ್ಲಿಯೂ ಮುದ್ರಿಸಿದುದು ಈ ಸಂಪುಟಗಳ ದೊಡ್ಡ ಗುಣ. ಇಂಗ್ಲಿಷ್ ಬಾರದವರೂ ತಮ್ಮ ಊರಿನ ಶಾಸನವನ್ನು ಓದಿಕೊಳ್ಳುವುದು ಇದರಿಂದ ಸಾಧ್ಯವಾಯಿತು.

ಆದರೆ 9000 ಶಾಸನಗಳನ್ನು ಒಬ್ಬರೇ ಹುಡುಕಿ ಓದುವುದು ಆಗದ ಮಾತು. ಒಂದು ಶಾಸನದ ಪ್ರತಿ ತೆಗೆಯುವ ಬಗೆಯನ್ನು ನೋಡಿದರೆ ಇದು ಮನದಟ್ಟಾಗುತ್ತದೆ. ಕಲ್ಲು ಇರುವ ಜಾಗವನ್ನು ಊರಿನವರು ತೋರಿಸಬೇಕು. ಮಣ್ಣು ಮುಚ್ಚಿದ್ದರೆ ಅಗೆಯಬೇಕು. ಎಣ್ಣೆಯ ಜಿಡ್ಡು, ಪಾಚಿ, ಸುಣ್ಣಗಳನ್ನು ಅಕ್ಷರ ಕೆಡದಂತೆ ತಿಕ್ಕಿ ತೊಳೆಯಬೇಕು. ನೆನೆಸಿದ ಕಾಗದವನ್ನು ಕಲ್ಲಿಗೆ ಒತ್ತಿ, ಅಕ್ಷರದ ಕುಳಿಯೊಳಕ್ಕೆ ಇಳಿಯುವಂತೆ ಕುಂಚದಿಂದ ಹದವಾಗಿ ಬಡಿಯಬೇಕು. ಅನಂತರ ಶಾಯಿಯನ್ನು ತಟ್ಟಿ, ಒಣಗಿದ ಮೇಲೆ ಹರಿಯದಂತೆ ಬಿಡಿಸಬೇಕು. ಹದ ತಪ್ಪಿದರೆ ಪ್ರತಿ ಕೆಡುತ್ತದೆ; ಪ್ರತಿ ಕೆಟ್ಟರೆ ಪಂಡಿತನ ಪಾಂಡಿತ್ಯಕ್ಕೆ ಎಡೆಯೇ ಇಲ್ಲ. ಇಷ್ಟು ಕೈಗಳ ಕೆಲಸ ಮುಗಿದ ಮೇಲೆ ಸಂಪುಟದ ಮುಖಪುಟದಲ್ಲಿ ನಿಲ್ಲುವುದು ಒಂದೇ ಹೆಸರು.

ಇದನ್ನು ಒಬ್ಬ ವ್ಯಕ್ತಿಯ ದೋಷವೆಂದು ಹೇಳಲಾಗದು. ಅಂದಿನ ಸರ್ಕಾರಿ ಪ್ರಕಟಣೆಗಳ ರೂಢಿಯೇ ಹಾಗಿತ್ತು. ರೈಸ್ ಅವರ ಕೈಕೆಳಗೆ 1899ರಲ್ಲಿ ಇಲಾಖೆಯನ್ನು ಸೇರಿದ ಆರ್. ನರಸಿಂಹಾಚಾರ್ಯರು 1906ರಲ್ಲಿ ಅದರ ಮುಖ್ಯಾಧಿಕಾರಿಗಳಾದರು. ಲಕ್ಷ್ಮಯ್ಯನಿಗೆ ಮುಚ್ಚಿದ್ದ ಬಾಗಿಲು ಹೀಗೆ ಏಳು ದಶಕಗಳ ತರುವಾಯ ಮೈಸೂರಿನಲ್ಲಿ ತೆರೆಯಿತೆನ್ನಬಹುದು. ‘ಕರ್ಣಾಟಕ ಕವಿಚರಿತೆ’ಯ ಮೊದಲ ಸಂಪುಟವು 1907ರಲ್ಲಿ ಹೊರಬಂದಾಗ ಅದರಲ್ಲಿ ಅವರ ಹೆಸರಿನೊಡನೆ ಎಸ್. ಜಿ. ನರಸಿಂಹಾಚಾರ್ಯರ ಹೆಸರೂ ಇದ್ದುದು ಇಲ್ಲಿ ಸ್ಮರಣೀಯ. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆಯು 1972ರಿಂದ ಹೊರತಂದ ಪರಿಷ್ಕೃತ ಸಂಪುಟಗಳಂತೂ ಹಲವು ವಿದ್ವಾಂಸರ ಕೂಡುದುಡಿಮೆಯ ಫಲ.

4. ಇಂದಿನ ಬೆಂಗಳೂರು

ರೈಸ್ ಅವರು ಕಂಡ ಬೆಂಗಳೂರಿನ ಸುತ್ತಣ ಹಳ್ಳಿಗಳು ಇಂದು ನಗರದೊಳಗಿವೆ. ಕೆರೆಯ ಏರಿಯ ಮೇಲೂ ಹೊಲದ ಬದುವಿನಲ್ಲೂ ಇದ್ದ ಕಲ್ಲುಗಳು ರಸ್ತೆ, ಚರಂಡಿ, ಮನೆಗಳ ಅಡಿಪಾಯಗಳಲ್ಲಿ ಸೇರಿಹೋದುದುಂಟು. ಇಂತಹ ಸ್ಥಿತಿಯಲ್ಲಿ ಶಾಸನವನ್ನು ಉಳಿಸುವವರು ಯಾರು? ನಿತ್ಯವೂ ಅದರ ಪಕ್ಕದಲ್ಲಿ ಓಡಾಡುವವರು ಮಾತ್ರ.

ಹೆಬ್ಬಾಳದ ನಿದರ್ಶನವನ್ನು ನೋಡಬಹುದು. ಗಂಗ ಶ್ರೀಪುರುಷನ ಕಾಲದ, ಸುಮಾರು 750ರ ವೀರಗಲ್ಲೊಂದು 2018ರಲ್ಲಿ ಅಲ್ಲಿ ಚರಂಡಿಗಾಗಿ ನೆಲ ಅಗೆಯುವಾಗ ಹೊರಬಂದಿತು. ಹೋರಾಡಿ ಮಡಿದ ಕಿತ್ತಯ್ಯನ ನೆನಪಿನ ಕಲ್ಲು ಅದು. ಬೆಂಗಳೂರಿನ ಅತ್ಯಂತ ಹಳೆಯ ಕನ್ನಡ ಶಾಸನಗಳಲ್ಲಿ ಒಂದು. ಶಾಸನಾಸಕ್ತರಾದ ನಾಗರಿಕರು ಅದರ ಮಹತ್ತ್ವವನ್ನು ತಿಳಿಸಿದರು. ಸ್ಥಳೀಯರು ಅದನ್ನು ತಮ್ಮದೆಂದು ಸ್ವೀಕರಿಸಿದರು. ಅದಕ್ಕೊಂದು ಮಂಟಪವೂ ಆಯಿತು. 1909ರಲ್ಲಿ ಸ್ಥಾಪಿತವಾದ ಮಿಥಿಕ್ ಸೊಸೈಟಿಯು 2021ರಲ್ಲಿ ಬೆಂಗಳೂರು ಪ್ರದೇಶದ ಶಾಸನಗಳನ್ನು ಮೂರು ಆಯಾಮಗಳ ಸ್ಕ್ಯಾನಿಂಗಿನಿಂದ ದಾಖಲಿಸುವ ಯೋಜನೆಯನ್ನು ಆರಂಭಿಸಿತು. ಸವೆದ ಅಕ್ಷರಗಳನ್ನು ಓದುವುದು ಈ ವಿಧಾನದಿಂದ ಸುಲಭವಾಗುತ್ತದೆ. ಕಲ್ಲಿಗೆ ಶಾಯಿಯನ್ನು ಸೋಕಿಸಬೇಕಾಗಿಯೂ ಇಲ್ಲ. ಆದರೆ ಕಲ್ಲು ಎಲ್ಲಿದೆ, ಎಲ್ಲಿಂದ ಬಂದಿತು ಎಂಬುದನ್ನು ಯಾವ ಯಂತ್ರವೂ ಹೇಳಲಾರದು. ಅದಕ್ಕೆ ಊರಿನವರ ಬಾಯಿಯೇ ಆಧಾರ.

5. ಒಂದು ತಪ್ಪಿನ ವೃತ್ತಾಂತ

ಈ ಮಾತನ್ನು ನಾನು ಕಲಿತುದು ನನ್ನ ತಪ್ಪಿನಿಂದಲೇ ಆದುದರಿಂದ ಅದನ್ನು ಇಲ್ಲಿ ಹೇಳುವುದು ಉಚಿತ. ಕೆಲವು ವರ್ಷಗಳ ಹಿಂದೆ ಹನುಮಂತನಗರದಿಂದ ಹತ್ತು ಮಂದಿ ವಿದ್ಯಾರ್ಥಿಗಳನ್ನು ಕರೆದುಕೊಂಡು ನಗರದ ಅಂಚಿನ ಹಳ್ಳಿಯೊಂದಕ್ಕೆ ಹೋಗಿದ್ದೆನು. ಊರಬಾಗಿಲ ಅರಳಿಕಟ್ಟೆಯ ಬಳಿ ಅಕ್ಷರಗಳು ಬಹುಮಟ್ಟಿಗೆ ಅಳಿಸಿಹೋದ ವೀರಗಲ್ಲೊಂದಿತ್ತು. ಇಂಗ್ಲಿಷಿನಲ್ಲಿ ಚೆನ್ನಾಗಿ ಬರೆಯಬಲ್ಲವರು ಪುಸ್ತಕ ಹಿಡಿದು ಕುಳಿತರು. ಛಾಯಾಚಿತ್ರ ತೆಗೆಯಬಲ್ಲವರು ಕ್ಯಾಮೆರಾ ಹಿಡಿದರು. ಹಳ್ಳಿಯಿಂದ ಬಂದಿದ್ದ, ತರಗತಿಯಲ್ಲಿ ಬಾಯಿಬಿಡದ ಇಬ್ಬರು ವಿದ್ಯಾರ್ಥಿನಿಯರ ಪಾಲಿಗೆ ನೀರು ತರುವುದೂ ಕಲ್ಲು ತಿಕ್ಕುವುದೂ ಬಂದವು. ಹೀಗೆ ಹಂಚಿದವರು ಯಾರೂ ಇಲ್ಲ, ತಾನಾಗಿಯೇ ಆಯಿತು. ತಾನಾಗಿ ಆಗುವ ಹಂಚಿಕೆಯಲ್ಲಿ ಸಮಾಜದ ಹಳೆಯ ತಾರತಮ್ಯವೇ ಕೆಲಸಮಾಡುತ್ತದೆಂಬುದು ಆಗ ನನಗೆ ಹೊಳೆಯಲಿಲ್ಲ.

ಆ ಕಲ್ಲಿಗೆ ದೀಪ ಹಚ್ಚುತ್ತಿದ್ದ ಮುದುಕಿಯೊಬ್ಬಳು ನೀರು ತರುತ್ತಿದ್ದ ಹುಡುಗಿಯೊಡನೆ ಮಾತಿಗೆ ನಿಂತಳು. ಕಲ್ಲು ಮೊದಲು ಕೆರೆಯ ಕೋಡಿಯ ಹತ್ತಿರ ಇದ್ದಿತೆಂದೂ, ರಸ್ತೆ ಮಾಡುವಾಗ ಇಲ್ಲಿಗೆ ತಂದರೆಂದೂ ಹೇಳಿದಳು. ಹುಡುಗಿ ಅದನ್ನು ಬರೆದುಕೊಂಡಳು. ವರದಿಯನ್ನು ತಿದ್ದುವಾಗ ನಾನು ಆಧಾರವಿಲ್ಲದ ಮಾತೆಂದು ಅದನ್ನು ಹೊಡೆದುಹಾಕಿ, ವೀರನು ಊರಬಾಗಿಲನ್ನು ಕಾಯುತ್ತ ಮಡಿದಿರಬೇಕೆಂದು ಕಲ್ಲಿರುವ ಸ್ಥಳದಿಂದ ಊಹಿಸಿ ಬರೆದೆನು. ವರದಿಯ ತಲೆಯಲ್ಲಿ ನನ್ನ ಹೆಸರಿತ್ತು. ಕೊನೆಯಲ್ಲಿ ವಿದ್ಯಾರ್ಥಿಗಳ ನೆರವಿನಿಂದ ಎಂದಷ್ಟೇ ಇತ್ತು.

ಅಚ್ಚಾದ ಪ್ರತಿಯನ್ನು ಕೊಡಲು ಮತ್ತೆ ಹೋದಾಗ ಆಕೆ ಒಬ್ಬ ವಿದ್ಯಾರ್ಥಿಯನ್ನು ಕರೆದು, “ನಾನು ಹೇಳಿದ್ದು ಎಲ್ಲೈತೆ, ಓದಪ್ಪ” ಎಂದಳು. ಅವನು ಹಾಳೆಗಳನ್ನು ತಿರುವಿ ನನ್ನ ಮುಖ ನೋಡಿದನು. ಬಳಿಕ ಹಳೆಯ ಗ್ರಾಮನಕ್ಷೆಯನ್ನು ತೆಗೆಸಿ ನೋಡಿದೆವು. ಅರಳಿಕಟ್ಟೆಯ ಮುಂದಿನ ದಾರಿಯೇ ಅದರಲ್ಲಿ ಇರಲಿಲ್ಲ. ಊರಿನ ಹಳೆಯ ದಾರಿ ಕೋಡಿಯ ಮೇಲೆ ಹಾದುಹೋಗುತ್ತಿತ್ತು. ನನ್ನ ಊಹೆಗೆ ಬುಡವೇ ಇರಲಿಲ್ಲ. ವರದಿಯನ್ನು ತಿದ್ದಿ, ಮಾತನ್ನು ಹೇಳಿದವರ ಮತ್ತು ಬರೆದುಕೊಂಡವರ ಹೆಸರುಗಳನ್ನು ಅವರ ಒಪ್ಪಿಗೆ ಪಡೆದು ಸೇರಿಸಿ ಮತ್ತೆ ಅಚ್ಚುಮಾಡಿಸಿದೆವು. ನಾನು ಮಾಡಿದ ಅನ್ಯಾಯವೂ ವರದಿಯ ಅಸತ್ಯವೂ ಬೇರೆಬೇರೆಯಾಗಿರಲಿಲ್ಲ. ಒಂದರಿಂದಲೇ ಇನ್ನೊಂದು ಹುಟ್ಟಿತ್ತು.

6. ಅಭ್ಯಾಸಮಾಡಬೇಕಾದ ಕೌಶಲಗಳು

ಒಳ್ಳೆಯ ಮನಸ್ಸಿದ್ದರೆ ಸಾಕು, ಸಹಕಾರವು ತಾನಾಗಿ ನ್ಯಾಯವಾಗಿರುತ್ತದೆಂಬ ನಂಬಿಕೆ ಸಾಮಾನ್ಯವಾದುದು. ಮೇಲಿನ ನಿದರ್ಶನಗಳು ಇದನ್ನು ಸಮರ್ಥಿಸುವುದಿಲ್ಲ. ಲಿಪಿಯನ್ನು ಓದುವುದು ಹೇಗೆ ಅಭ್ಯಾಸದಿಂದ ಬರುವ ವಿದ್ಯೆಯೋ, ಹಾಗೆಯೇ ಕೂಡಿ ದುಡಿಯುವುದೂ ಒಂದು ವಿದ್ಯೆ. ಅದರ ಅಂಗಗಳನ್ನು ಹೀಗೆ ವಿಂಗಡಿಸಬಹುದು.

ಮೊದಲನೆಯದು, ಕೆಲಸಕ್ಕೆ ಮುಂಚಿನ ಮಾತುಕತೆ. ನಮಗೆ ಆಧಾರವಾಗಿರುವ ಕಲ್ಲು ಊರಿನವರಿಗೆ ದೇವರಾಗಿರಬಹುದು. ಯಾವಾಗ ಬರಬಹುದು, ಮುಟ್ಟಬಹುದೆ, ಶಾಯಿ ತಟ್ಟಬಹುದೆ ಎಂಬುದನ್ನು ಕೇಳಿ ತಿಳಿಯಬೇಕು. ಅವರು ಬೇಡವೆಂದರೆ ಅದನ್ನು ಮನ್ನಿಸುವ ಸಿದ್ಧತೆಯೂ ಇರಬೇಕು.

ಎರಡನೆಯದು, ಕೇಳುವ ವಿದ್ಯೆ. ಇದು ಗಂಗರ ಕಾಲದ್ದಲ್ಲವೆ ಎಂದು ಕೇಳಿದರೆ ಯಾರಾದರೂ ಹೌದೆನ್ನುತ್ತಾರೆ. ಈ ಕಲ್ಲಿನ ವಿಚಾರ ತಮಗೆ ಏನು ಗೊತ್ತು ಎಂದು ಕೇಳಿ ಸುಮ್ಮನೆ ಕುಳಿತರೆ ಹೊಸ ಸಂಗತಿ ಹೊರಬರುತ್ತದೆ. ಕೇಳಿದುದನ್ನು ಅವರ ಮಾತಿನಲ್ಲಿಯೇ ಬರೆದುಕೊಳ್ಳಬೇಕು. ಗ್ರಾಂಥಿಕ ಭಾಷೆಗೆ ತಿರುಗಿಸುವ ಆತುರ ಬೇಡ.

ಮೂರನೆಯದು, ಕೆಲಸದ ಸರದಿ. ಬರೆಯುವುದು, ತಿಕ್ಕುವುದು, ಅಳೆಯುವುದು, ಮಾತನಾಡಿಸುವುದು, ಸಭೆಯಲ್ಲಿ ಮಂಡಿಸುವುದು ಇವೆಲ್ಲ ಸರದಿಯ ಮೇಲೆ ಎಲ್ಲ ವಿದ್ಯಾರ್ಥಿಗಳಿಗೂ ಬರಬೇಕು. ಕಲ್ಲನ್ನು ಒಮ್ಮೆ ಕೈಯಾರೆ ತೊಳೆದವರು ಅಕ್ಷರದ ಆಳವನ್ನು ಪುಸ್ತಕದಿಂದ ಕಲಿತವರಿಗಿಂತ ಚೆನ್ನಾಗಿ ಬಲ್ಲರು. ನೀರು ತಂದವರು ಮಂಡಿಸಲೂ ಕಲಿಯಬೇಕು.

ನಾಲ್ಕನೆಯದು, ಪಾಲಿನ ಪಟ್ಟಿ. ಈಗ ವಿಜ್ಞಾನದ ಅನೇಕ ಪತ್ರಿಕೆಗಳು ಲೇಖಕರ ಕೊಡುಗೆಯನ್ನು 14 ಬಗೆಯಾಗಿ ವಿಂಗಡಿಸಿ ನಮೂದಿಸುವ ಕ್ರಮವನ್ನು ಅನುಸರಿಸುತ್ತಿವೆ. ನಮ್ಮ ಸಣ್ಣ ವರದಿಗಳಿಗೆ ಅಷ್ಟು ವಿಸ್ತಾರ ಬೇಕಿಲ್ಲ. ಸ್ಥಳ ತೋರಿಸಿದವರು, ಪ್ರತಿ ತೆಗೆದವರು, ಓದಿದವರು, ಬರೆದವರು ಎಂಬ ನಾಲ್ಕು ಸಾಲುಗಳು ಸಾಕು. ಶಾಸನದ ಕೊನೆಯ ಪಂಕ್ತಿ ಮಾಡುತ್ತಿದ್ದುದೂ ಇದನ್ನೇ. ಹೆಸರು ಬೇಡವೆನ್ನುವವರ ಹೆಸರನ್ನು ಬಿಡಬೇಕೆಂಬುದೂ ಈ ನಿಯಮದಲ್ಲಿ ಸೇರಿದೆ.

ಐದನೆಯದು, ಹಿಂದಿರುಗಿಸುವುದು. 2017ರಲ್ಲಿ ದಕ್ಷಿಣ ಆಫ್ರಿಕದ ಸಾನ್ ಜನರು ತಮ್ಮನ್ನು ಕುರಿತು ಸಂಶೋಧನೆ ನಡೆಸುವವರಿಗಾಗಿ ನೀತಿಸಂಹಿತೆಯೊಂದನ್ನು ತಾವೇ ರೂಪಿಸಿ ಪ್ರಕಟಿಸಿದರು. ಗೌರವ, ಪ್ರಾಮಾಣಿಕತೆ, ನ್ಯಾಯ, ಕಾಳಜಿಗಳು ಅದರ ಮುಖ್ಯ ತತ್ತ್ವಗಳು. ಜನರಿಂದ ಪಡೆದ ತಿಳಿವಳಿಕೆಯ ಫಲ ಜನರಿಗೆ ಮುಟ್ಟಬೇಕೆಂಬುದು ಅದರ ಆಶಯ. 1936ರಲ್ಲಿ ಡಾ. ಎಂ. ಎಚ್. ಕೃಷ್ಣ ಅವರು ಬೆಳಕಿಗೆ ತಂದ ಹಲ್ಮಿಡಿ ಶಾಸನದ ಮೂಲ ಶಿಲೆ ಮೈಸೂರಿನಲ್ಲಿದೆ. ಊರಿನಲ್ಲಿ ಅದರ ಪ್ರತಿಕೃತಿಯಿದೆ. ಪ್ರತಿಕೃತಿಯನ್ನಾದರೂ ಊರಿಗೆ ಕೊಟ್ಟುದು ಸರಿಯಾದ ನಡೆ. ನಾವು ಕಡೆಯಪಕ್ಷ ಶಾಸನದ ಪಾಠವನ್ನೂ ಅದರ ಸರಳವಾದ ಅರ್ಥವನ್ನೂ ಒಂದು ಹಾಳೆಯಲ್ಲಿ ಬರೆದು ಊರಿನಲ್ಲಿ ಓದಿಹೇಳಿ ಬರಬಹುದು.

7. ಒಂದು ಆಕ್ಷೇಪ

ಎಲ್ಲರ ಮಾತಿಗೂ ಸಮಾನವಾದ ಬೆಲೆ ಕೊಟ್ಟರೆ ಶಾಸ್ತ್ರದ ಗತಿಯೇನು ಎಂದು ಕೆಲವರು ಕೇಳಬಹುದು. ಆಕ್ಷೇಪವು ಅಲಕ್ಷಿಸತಕ್ಕುದಲ್ಲ. ಅಕ್ಷರವೊಂದು ಪಕಾರವೋ ವಕಾರವೋ ಎಂಬುದನ್ನು ಮತ ಎಣಿಸಿ ನಿರ್ಧರಿಸಲಾಗದು. ಅದಕ್ಕೆ ಲಿಪಿಶಾಸ್ತ್ರವೇ ಪ್ರಮಾಣ. ಊರಿನ ಕಥೆಯು ಕಲ್ಲಿನ ಬರಹಕ್ಕೆ ವಿರುದ್ಧವಾದರೆ ಆ ವಿರೋಧವನ್ನು ಮುಚ್ಚಿಡದೆ ಹೇಳಬೇಕು. ಸಮಪಾಲು ಎಂದರೆ ಎಲ್ಲ ಹೇಳಿಕೆಗಳೂ ಸಮಾನವಾಗಿ ನಿಜವೆಂದು ಅರ್ಥವಲ್ಲ. ಎಲ್ಲ ಹೇಳಿಕೆಗಳನ್ನೂ ಒಂದೇ ಎಚ್ಚರದಿಂದ ಪರೀಕ್ಷಿಸಬೇಕೆಂದು ಅರ್ಥ. ನಾನು ಮುದುಕಿಯ ಮಾತಿಗೆ ಆಧಾರ ಕೇಳಿದೆನು, ನನ್ನ ಊಹೆಗೆ ಕೇಳಲಿಲ್ಲ. ತಪ್ಪಿದ್ದುದು ಅಲ್ಲಿ. ಇಂತಹ ಪರೀಕ್ಷೆಯಿಂದ ಶಾಸ್ತ್ರವು ಸಡಿಲವಾಗದೆ ಇನ್ನಷ್ಟು ಬಿಗಿಯಾಗುತ್ತದೆ.

ನಮ್ಮ ಹನುಮಂತನಗರದ ಸುತ್ತಮುತ್ತಲಲ್ಲಿಯೇ ಇಂತಹ ಅಭ್ಯಾಸಕ್ಕೆ ಬೇಕಾದ ಕ್ಷೇತ್ರವಿದೆ. ಗವಿಪುರದ ಗಂಗಾಧರೇಶ್ವರನ ಗುಹಾಲಯ, ಕೆಂಪಾಂಬುಧಿ ಕೆರೆಯ ಬಳಿಯ ಗೋಪುರ, ಬಸವನಗುಡಿಯ ಕಡಲೆಕಾಯಿ ಪರಿಷೆ ಇವುಗಳನ್ನು ಕುರಿತು ಅರ್ಚಕರು, ಅಂಗಡಿಯವರು, ಪರಿಷೆಗೆ ಕಾಯಿ ತರುವ ರೈತರು ಬಲ್ಲ ಸಂಗತಿಗಳು ಗ್ರಂಥಾಲಯಗಳಲ್ಲಿ ದೊರೆಯುವುದಿಲ್ಲ. ಕಾಲೇಜುಗಳ ಇತಿಹಾಸ ಸಂಘಗಳು ವರ್ಷಕ್ಕೊಂದು ಸ್ಥಳವನ್ನಾದರೂ ಆರಿಸಿಕೊಂಡು ಮೇಲಿನ ಕ್ರಮದಲ್ಲಿ ಕೆಲಸಮಾಡಬಹುದು. ವರದಿಯು ಹತ್ತು ಪುಟಗಳದಾದರೂ ಚಿಂತೆಯಿಲ್ಲ. ಅದರ ಕೊನೆಯ ಪುಟದಲ್ಲಿ ಯಾರು ಏನು ಮಾಡಿದರೆಂಬ ಪಟ್ಟಿ ಇರಲಿ; ಅದನ್ನು ಹೆಸರಿರುವ ಎಲ್ಲರ ಮುಂದೆಯೂ ಒಮ್ಮೆ ಓದಿ, ಅವರು ತಿದ್ದಿದ್ದನ್ನು ತಿದ್ದಿ, ಆಮೇಲೆ ಅಚ್ಚಿಗೆ ಕೊಡೋಣ.